ಕೈಗಡ, ಜಾಮೀನು, ಗೆಳೆತನ



‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಕೇಳಿಯೂ ನಾವು ಕೊಡುತ್ತೇವೆ, ಅಡಚಣೆ ಬಂದಾಗ ಇಸಕೊಳ್ಳುತ್ತೇವೆ. ಏಕೆಂದರೆ ರಾತ್ರಿ ಹನ್ನೊಂದು ಗಂಟೆಗೆ ಮಗುವಿಗೆ ಜ್ವರ ಏರಿ ಬಾಗಲಕೋಟೆಯ ಆಸ್ಪತ್ರೆಗೆ ಒಯ್ಯಬೇಕಾದಾಗ ಯಾವ ಬ್ಯಾಂಕಿನ ಬಾಗಿಲೂ ತೆರೆದಿರುವುದಿಲ್ಲ. ಆಗ ತಟ್ಟುವುದು ಗೆಳೆಯನ ಬಾಗಿಲನ್ನೇ.

ಗೆಳೆಯರ ನಡುವಿನ ಹಣ ಮತ್ತು ಉಪಕಾರ ಕುರಿತ ಮಾತುಕತೆಗೆ ಪೂರಕವಾಗಿ ಈ ಲೇಖನ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ಕಡೆಯ ಬದುಕನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಒಂದೇ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಾದರೂ ಇಲ್ಲಿ ಒಬ್ಬರ ಕೈಗೆ ವಾರಕ್ಕೊಮ್ಮೆ ಹಣ ಬರುತ್ತದೆ, ಇನ್ನೊಬ್ಬರ ಕೈಗೆ ವರ್ಷಕ್ಕೊಮ್ಮೆ. ಗೆಳೆಯರ ನಡುವೆ ಮನಸ್ತಾಪ ಹುಟ್ಟುವುದು ಹಲವು ಸಲ ಈ ವ್ಯತ್ಯಾಸದಿಂದಲೇ. ಹಾಗಾಗಿ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬಡ್ಡಿಯಿಲ್ಲದ ಬ್ಯಾಂಕು

ಬಡ್ಡಿ ಇಲ್ಲದೆ, ಒತ್ತೆ ಇಲ್ಲದೆ, ಸ್ವಲ್ಪ ದಿನಕ್ಕೆಂದು ಕೊಡುವ ಹಣಕ್ಕೆ ನಮ್ಮ ಕಡೆ ‘ಕೈಗಡ’ ಎನ್ನುತ್ತಾರೆ. ಅಂಗಡಿಯಲ್ಲಿ ಬರೆಸಿ ತರುವುದು ಉದ್ರಿ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತರುವುದು ಕಡ. ಬಡ್ಡಿಗೆ ತಂದದ್ದು ಮಾತ್ರ ಸಾಲ. ನಮ್ಮ ಜನ ಈ ನಾಲ್ಕನ್ನೂ ಬೇರೆ ಬೇರೆ ಹೆಸರಿನಿಂದ ಕರೆದದ್ದು ಸುಮ್ಮನೆ ಅಲ್ಲ. ಒಂದೊಂದಕ್ಕೂ ಒಂದೊಂದು ರೀತಿ ಇದೆ, ರಿವಾಜು ಇದೆ.

ಕೈಗಡದ ಬೆಲೆ ತಿಳಿಯಬೇಕಾದರೆ ಅದು ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ ೧೦,೦೦೦ ರೂಪಾಯಿ ತಂದವನು ತಿಂಗಳಿಗೆ ೫೦೦ ರೂಪಾಯಿ ಕಟ್ಟುತ್ತಾನೆ. ವರ್ಷಕ್ಕೆ ೬,೦೦೦ ರೂಪಾಯಿ. ಇಷ್ಟು ಕಟ್ಟಿದ ಮೇಲೂ ಅಸಲು ಹತ್ತು ಸಾವಿರ ಹಾಗೆಯೇ ನಿಂತಿರುತ್ತದೆ. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ೨೦೦೪ರಲ್ಲೇ ಮಾಡಿದೆ. ಆದರೂ ಅವಸರದಲ್ಲಿರುವವನು ಕಾಯಿದೆ ಪುಸ್ತಕ ತೆಗೆದು ನೋಡುವುದಿಲ್ಲ.

ಅಂದರೆ ಬಡವರಿಗೂ ಮಧ್ಯಮ ವರ್ಗದವರಿಗೂ ಇರುವ ಅತಿ ಅಗ್ಗದ ಬ್ಯಾಂಕು ಗೆಳೆತನವೇ. ಒಬ್ಬ ಗೆಳೆಯ ಹಣ ಮುಳುಗಿಸಿದರೆ ಮುಳುಗುವುದು ಅವನೊಬ್ಬನ ಮಾನವಲ್ಲ. ಕೊಟ್ಟು ಕೈ ಸುಟ್ಟುಕೊಂಡವನು ನಾಳೆ ಬರುವ ಪ್ರಾಮಾಣಿಕನಿಗೂ ‘ಇಲ್ಲ’ ಅನ್ನುತ್ತಾನೆ. ಆ ಪ್ರಾಮಾಣಿಕ ಬಡ್ಡಿಯವನ ಮನೆಗೆ ಹೋಗುತ್ತಾನೆ. ಆದ್ದರಿಂದ ಕೈಗಡದ ಶಿಷ್ಟಾಚಾರ ಎಂದರೆ ಬರೀ ನಯವಿನಯದ ಮಾತಲ್ಲ. ಅದು ಊರಿಗೆಲ್ಲ ಬೇಕಾದ ಒಂದು ವ್ಯವಸ್ಥೆಯನ್ನು ಕಾಪಾಡುವ ಕೆಲಸ.

ಹಿರಿಯರು ಲೆಕ್ಕ ಇಟ್ಟಿದ್ದರು

‘ಗೆಳೆಯರ ನಡುವೆ ಎಂಥ ಲೆಕ್ಕ? ಬರೆದುಕೊಂಡರೆ ಅಪನಂಬಿಕೆ ಮಾಡಿದಂತಲ್ಲವೇ?’ ಎಂದು ಬಹಳ ಮಂದಿ ಕೇಳುತ್ತಾರೆ. ಇದು ನಮ್ಮ ಹಳೆಯ ಸಂಪ್ರದಾಯ ಎಂದೂ ತಿಳಿದಿರುತ್ತಾರೆ. ನಿಜವಾದ ಸಂಪ್ರದಾಯ ಇದಕ್ಕೆ ತಿರುಗುಮುರುಗಾಗಿದೆ.

ಮುಯ್ಯಾಳು ಪದ್ಧತಿಯನ್ನೇ ನೋಡಿ. ಬಿತ್ತನೆಗೆ, ಕಳೆಗೆ, ಸುಗ್ಗಿಗೆ ಇವತ್ತು ನಿಮ್ಮ ಹೊಲಕ್ಕೆ ನಾವು ನಾಲ್ಕು ಆಳು ಬಂದರೆ ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ನಾಲ್ಕು ಆಳು ಬರಬೇಕು. ಕೂಲಿ ಇಲ್ಲ, ಆದರೆ ಎಣಿಕೆ ಇದೆ. ಮೂವರು ಬಂದರೆ ಮನೆಯ ಹೆಣ್ಣುಮಕ್ಕಳು ನಗುತ್ತಲೇ ‘ಇನ್ನೊಂದಾಳು ಬಾಕಿ ಐತಿ ನೋಡ್ರಿ’ ಎನ್ನುತ್ತಾರೆ. ಅದರಿಂದ ಯಾರಿಗೂ ಸಿಟ್ಟು ಬರುವುದಿಲ್ಲ.

ಮದುವೆ ಹಂದರದಲ್ಲಿ ಆಯೇರಿ ಬರೆದುಕೊಳ್ಳುವ ಪುಸ್ತಕವನ್ನು ನೀವು ಕಂಡಿದ್ದೀರಿ. ಒಬ್ಬರು ಕುಳಿತು ಹೆಸರು, ಊರು, ಮೊತ್ತ ಬರೆಯುತ್ತಾರೆ. ಆ ಪುಸ್ತಕ ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ ಅದನ್ನು ತೆಗೆದು ನೋಡಿ, ಅಷ್ಟನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಮಾಡಿ ಬರುತ್ತಾರೆ. ಬೀಗರು ನಮ್ಮ ಹೆಸರನ್ನು ಬರೆದುಕೊಂಡರೆಂದು ನಾವು ಬೇಸರಪಡುವುದುಂಟೇ? ಬರೆಯದಿದ್ದರೆ ಬೇಸರಪಡುತ್ತೇವೆ.

ಸಕ್ಕರೆಯ ಕಡ ತಂದ ಬಟ್ಟಲನ್ನು ಅದೇ ಅಳತೆಯಲ್ಲಿ ತುಂಬಿ ಕೊಡುವುದು ರೂಢಿ. ಪಕ್ಕದವರು ಹಬ್ಬಕ್ಕೆ ಕಳಿಸಿದ ಹೋಳಿಗೆಯ ಪಾತ್ರೆಯನ್ನು ಖಾಲಿ ಮರಳಿಸುವಂತಿಲ್ಲ. ಕೊಡುವುದು, ಕೊಟ್ಟದ್ದನ್ನು ಸ್ವೀಕರಿಸುವುದು, ಮರಳಿ ಕೊಡುವುದು ಈ ಮೂರೂ ಕರ್ತವ್ಯಗಳೇ ಎಂದು ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೋಸ್ ೧೯೨೫ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಬಂಧದಲ್ಲಿ ತೋರಿಸಿಕೊಟ್ಟರು. ನಮ್ಮ ಅಜ್ಜಿಯರು ಅಡಿಗೆಮನೆಯಲ್ಲಿ ಪಾಲಿಸುತ್ತಿದ್ದದ್ದೂ ಇದೇ ಮೂರನ್ನು.

ಇದೇ ನೆಲದಲ್ಲಿ ಇನ್ನೂ ದೊಡ್ಡ ಉದಾಹರಣೆಗಳಿವೆ. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಪತ್ತಿನ ಸಂಘ ಎಂದರೆ ಏನು? ಒಬ್ಬರನ್ನೊಬ್ಬರು ಬಲ್ಲ ಊರವರ ಕೈಗಡಕ್ಕೆ ಒಂದು ಪುಸ್ತಕ, ಒಂದು ಸಹಿ, ಒಂದು ತಾರೀಖು ಸೇರಿಸಿದ್ದು ಅಷ್ಟೇ. ಮುಂದೆ ಜಮಖಂಡಿ ಭಾಗದ ರೈತರು ತಾವೇ ಪಟ್ಟಿ ಎತ್ತಿ, ತಾವೇ ದುಡಿದು, ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ೧೯೮೯ರಲ್ಲಿ ಸಿದ್ಧವಾದ ಆ ಕೆಲಸಕ್ಕೆ ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಾಯಿತು. ಹಣ ಇದ್ದವರು ಹಣ ಹಾಕಿದರು, ರಟ್ಟೆ ಇದ್ದವರು ಬೆವರು ಹಾಕಿದರು. ಉಪಕಾರವನ್ನು ಹಣದಲ್ಲೇ ತೀರಿಸಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾಗಿ ಮೊದಲ ಮಾತು ಇದು: ಬರೆದಿಡುವುದು ಅಪನಂಬಿಕೆಯ ಗುರುತಲ್ಲ. ಹಣ ಮಾತಿನಲ್ಲಿ ಸ್ಪಷ್ಟವಿದ್ದರೆ ಗೆಳೆತನಕ್ಕೆ ಮನಸ್ಸಿನಲ್ಲಿ ಜಾಗ ಉಳಿಯುತ್ತದೆ.

ವಾರದ ಕೈ, ವರ್ಷದ ಕೈ

ಜಮಖಂಡಿ, ಮುಧೋಳದ ನೀರಾವರಿ ಹೊಲಗಳಲ್ಲಿ ಕಬ್ಬು ಮುಖ್ಯ ಬೆಳೆ. ನೆಟ್ಟ ಕಬ್ಬು ಕಾರ್ಖಾನೆಗೆ ಹೋಗಲು ಸುಮಾರು ಒಂದು ವರ್ಷ ಬೇಕು. ಕಬ್ಬು ಕೊಟ್ಟ ೧೪ ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವಾರ್ಷಿಕ ಶೇಕಡಾ ೧೫ರಂತೆ ಬಡ್ಡಿ ಸೇರಿಸಬೇಕು ಎಂದು ೧೯೬೬ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲಿಗಾಗಿ ಕಾಯುವುದು ಎಂದರೇನು ಎಂಬುದನ್ನು ಕಬ್ಬು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಬಕವಿ-ಬನಹಟ್ಟಿಯದು ಮಗ್ಗದ ಬದುಕು. ಕೂಲಿ ನೇಕಾರನಿಗೆ ನೇಯ್ದ ಸೀರೆಗೆ ತಕ್ಕ ಕೂಲಿ, ವಾರಕ್ಕೊಮ್ಮೆ ಬಟವಡೆ. ಸೀರೆಗೆ ಗಿರಾಕಿ ಕಡಿಮೆಯಾದರೆ, ಕರೆಂಟು ಕೈಕೊಟ್ಟರೆ ಆ ವಾರದ ಬಟವಡೆಯೂ ಇಳಿಯುತ್ತದೆ. ಅವನ ಲೆಕ್ಕ ವಾರದಿಂದ ವಾರಕ್ಕೆ ನಡೆಯುತ್ತದೆ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬನಹಟ್ಟಿಯ ನೇಕಾರನೊಬ್ಬ ಮಗ್ಗದ ರಿಪೇರಿಗೆಂದು ಕೂಡಿಸಿದ್ದ ಹಣದಲ್ಲಿ ತನ್ನ ಶಾಲೆಯ ಗೆಳೆಯನಾದ ಮುಧೋಳದ ರೈತನಿಗೆ ೧೫,೦೦೦ ರೂಪಾಯಿ ಕೊಡುತ್ತಾನೆ. ರೈತ ‘ಬಿಲ್ಲು ಬಂದ ಕೂಡಲೆ ಕೊಡ್ತೀನಿ’ ಎನ್ನುತ್ತಾನೆ. ಇಬ್ಬರೂ ಪ್ರಾಮಾಣಿಕರೇ. ಆದರೆ ‘ಕೂಡಲೆ’ ಎಂದರೆ ನೇಕಾರನ ಕಿವಿಗೆ ಮೂರು ನಾಲ್ಕು ವಾರ. ರೈತನ ಮನಸ್ಸಿನಲ್ಲಿ ಅದು ಮುಂದಿನ ಹಂಗಾಮು. ಎರಡು ತಿಂಗಳಾಗುವ ಹೊತ್ತಿಗೆ ನೇಕಾರನಿಗೆ ಗೆಳೆಯ ಮಾತು ತಪ್ಪಿದ ಎನಿಸುತ್ತದೆ. ರೈತನಿಗೆ ತಾನು ಮಾತು ತಪ್ಪಿದ್ದೇನೆಂಬ ಅರಿವೇ ಇರುವುದಿಲ್ಲ. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ತಾರೀಖು ಹೇಳದೆ ಹೋದದ್ದೇ ತಪ್ಪು.

ಬೀಳಗಿಯ ಕಥೆ ಇನ್ನೊಂದು ಬಗೆಯದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಈ ತಾಲ್ಲೂಕಿನ ಅನೇಕ ಊರುಗಳ ಹೊಲ, ಮನೆ ಹೋದವು. ಪರಿಹಾರದ ಹಣ ಒಮ್ಮೆಲೇ ಕೈಗೆ ಬಂತು. ಯಾರ ಮನೆಗೆ ಎಷ್ಟು ಬಂತೆಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಹೀಗೆ ಒಮ್ಮೆಲೇ ಹಣ ಬಂದ ಮನೆಯ ಬಾಗಿಲಿಗೆ ಕೈಗಡ ಕೇಳುವವರ ಸಾಲು ಹತ್ತುವುದು ಎಲ್ಲ ಕಡೆಯೂ ಉಂಟು. ನಿವೃತ್ತಿಯ ಹಣ ಬಂದವರ, ವಿಮೆಯ ಹಣ ಬಂದ ವಿಧವೆಯ ಪಾಡೂ ಇದೇ. ನೆನಪಿಡಿ, ಪರಿಹಾರ ಎಂದರೆ ಲಾಭವಲ್ಲ. ಅದು ಮುಳುಗಿದ ಹೊಲದ ಇನ್ನೊಂದು ರೂಪ. ಹೊಲ ಇದ್ದಾಗ ‘ಎರಡು ಎಕರೆ ಕೈಗಡ ಕೊಡು’ ಎಂದು ಯಾರೂ ಕೇಳುತ್ತಿರಲಿಲ್ಲ. ಅಂಥ ಹಣ ಬಂದ ಮನೆಗೆ ಆ ದಿನಗಳಲ್ಲಿ ಕೇಳಲು ಹೋಗದಿರುವುದೇ ಗೆಳೆಯನ ಲಕ್ಷಣ.

ಮನಸ್ಸಿನ ತಕ್ಕಡಿ

ನಾನು ವಿಜ್ಞಾನ ಓದಿದವನು. ತೂಕದ ವಿಷಯ ಬಂದರೆ ತಕ್ಕಡಿ ಸರಿ ಇದೆಯೇ ಎಂದು ಮೊದಲು ನೋಡುವುದು ಅಭ್ಯಾಸ. ಉಪಕಾರವನ್ನು ತೂಗುವ ಮನಸ್ಸಿನ ತಕ್ಕಡಿ ಸರಿ ಇಲ್ಲ ಎಂಬುದಕ್ಕೆ ಆಧಾರಗಳಿವೆ.

ಅಮೆರಿಕದ ಸಂಶೋಧಕ ಫ್ರಾನ್ಸಿಸ್ ಫ್ಲಿನ್ ೨೦೦೩ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಟ್ಟಿಗೆ ಕೆಲಸ ಮಾಡುವ ನೌಕರರು ಒಬ್ಬರಿಗೊಬ್ಬರು ಮಾಡಿದ ಸಹಾಯಕ್ಕೆ ಎಷ್ಟು ಬೆಲೆ ಕಟ್ಟುತ್ತಾರೆ ಎಂದು ಅವರು ವಿಚಾರಿಸಿದ್ದರು. ಸಹಾಯ ಆದ ಹೊಸತರಲ್ಲಿ ಪಡೆದವನು ಅದನ್ನು ದೊಡ್ಡದೆನ್ನುತ್ತಾನೆ, ಮಾಡಿದವನು ‘ಅದೇನು ಮಹಾ’ ಎನ್ನುತ್ತಾನೆ. ದಿನ ಕಳೆದಂತೆ ಇದು ತಿರುಗುತ್ತದೆ. ಪಡೆದವನ ಕಣ್ಣಿನಲ್ಲಿ ಆ ಸಹಾಯ ಸಣ್ಣದಾಗುತ್ತ ಹೋಗುತ್ತದೆ, ಮಾಡಿದವನ ಕಣ್ಣಿನಲ್ಲಿ ದೊಡ್ಡದಾಗುತ್ತ ಹೋಗುತ್ತದೆ.

ಇದು ಕೆಟ್ಟತನವಲ್ಲ, ನೆನಪಿನ ಸ್ವಭಾವ. ಕೊಟ್ಟವನಿಗೆ ಹಣವಿಲ್ಲದ ಅನಾನುಕೂಲ ದಿನಾ ಎದುರಿಗಿರುತ್ತದೆ. ಪಡೆದವನ ಅಡಚಣೆ ಮುಗಿದುಹೋಗಿರುತ್ತದೆ. ಆಸ್ಪತ್ರೆಯ ಆ ರಾತ್ರಿ ಮರೆತು, ಮಗು ಆಡತೊಡಗಿರುತ್ತದೆ. ಹಾಗಾಗಿ ಹಣದ ಮಾತನ್ನು ನೆನಪಿನ ವಶಕ್ಕೆ ಬಿಡಬಾರದು. ಮೊತ್ತ, ತಾರೀಖು, ಮರಳಿಸುವ ರೀತಿ ಈ ಮೂರು ಒಂದು ಸಾಲಿನಲ್ಲಿ ಬರೆದಿದ್ದರೆ ಇಬ್ಬರ ತಕ್ಕಡಿಯೂ ಒಂದೇ ತೂಕ ತೋರಿಸುತ್ತದೆ.

ಕೇಳುವ ರೀತಿ, ಇಲ್ಲ ಎನ್ನುವ ರೀತಿ

ಕೇಳುವಾಗ ಒಂದು ಗಂಟೆ ಊರ ಮಾತಾಡಿ, ಚಹಾ ಕುಡಿದು, ಎದ್ದು ಚಪ್ಪಲಿ ಮೆಟ್ಟುವಾಗ ವಿಷಯ ತೆಗೆಯುವವರಿದ್ದಾರೆ. ಇದರಿಂದ ಕೇಳುವವನಿಗೂ ಸಂಕಟ, ಕೇಳಿಸಿಕೊಂಡವನಿಗೂ ಯೋಚಿಸಲು ಹೊತ್ತಿಲ್ಲ. ಇನ್ನು ಕೆಲವರು ನಾಲ್ಕು ಮಂದಿ ಎದುರಿಗೆ ಕೇಳುತ್ತಾರೆ. ಆಗ ಅವನು ಕೊಟ್ಟರೂ ಮನಸ್ಸಿನಿಂದ ಕೊಟ್ಟದ್ದಲ್ಲ. ಒಬ್ಬನೇ ಇದ್ದಾಗ, ನೇರವಾಗಿ, ಪೂರ್ತಿಯಾಗಿ ಕೇಳುವುದು ಲೇಸು.

“ನಂಗ ಹದಿನೈದು ಸಾವಿರ ಬೇಕಾಗೇತಿ. ಮಗಳ ಕಾಲೇಜ ಫೀ ತುಂಬಬೇಕು. ಸಂಕ್ರಾಂತಿ ಮುಗಿದ ಮ್ಯಾಗ ಎರಡು ಸಲಕ್ಕ ಮುಟ್ಟಸ್ತೀನಿ. ನಿಂಗ ಆಗಲಿಲ್ಲಂದ್ರ ಆಗೂದಿಲ್ಲ ಅನ್ನು, ನಾ ಬ್ಯಾರೆ ಕಡೆ ನೋಡ್ತೀನಿ.”

ಈ ನಾಲ್ಕು ವಾಕ್ಯಗಳಲ್ಲಿ ಮೊತ್ತ ಇದೆ, ಕಾರಣ ಇದೆ, ತಾರೀಖು ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಎದುರಿನವನಿಗೆ ಇಲ್ಲ ಎನ್ನಲು ಒಂದು ಬಾಗಿಲು ತೆರೆದಿದೆ. ಆ ಬಾಗಿಲನ್ನು ತೆರೆದಿಡುವುದು ಕೇಳುವವನ ದೊಡ್ಡ ಮರ್ಯಾದೆ.

ಇಲ್ಲ ಎನ್ನುವುದಕ್ಕೂ ಒಂದು ರೀತಿ ಇದೆ. ‘ನೋಡೋಣ’, ‘ಮುಂದಿನ ವಾರ ಬಾ’ ಎಂದು ನಾಲ್ಕು ಸಲ ತಿರುಗಾಡಿಸುವುದು ನಯವಲ್ಲ. ಅವನು ನಿಮ್ಮನ್ನು ನಂಬಿ ಬೇರೆ ಕಡೆ ಕೇಳುವುದನ್ನೂ ಬಿಟ್ಟಿರುತ್ತಾನೆ. ಆಗುವುದಿಲ್ಲ ಎಂದಾದರೆ ಅವತ್ತೇ ಹೇಳಿ. “ಅಷ್ಟು ನನ್ನ ಕಡೆ ಇಲ್ಲಪಾ. ಐದು ಸಾವಿರ ಐತಿ, ಒಯ್ಯಿ. ಉಳಿದದ್ದಕ್ಕ ಏನ್ ಮಾಡೂದು ಕೂಡಿ ನೋಡೂಣು” ಎಂದರೆ ಗೆಳೆತನಕ್ಕೆ ಕುಂದಿಲ್ಲ. ಕಾರಣವನ್ನು ಕಟ್ಟಿ ಹೇಳಬೇಡಿ. ಹಣ ಇಲ್ಲವೆಂದು ಹೇಳಿ ಮರುವಾರ ಹೊಸ ಮೋಟಾರ್ ಸೈಕಲ್ ತಂದರೆ ಊರು ಸಣ್ಣದು, ಅವನು ನೋಡಿಯೇ ನೋಡುತ್ತಾನೆ.

ಕೊಡುವವರಿಗೆ ಇನ್ನೊಂದು ಮಾತು. ಮರಳಿ ಬಾರದಿದ್ದರೂ ನಿಮ್ಮ ಮನೆಯ ಒಲೆ ಉರಿಯುತ್ತದೆ ಎನ್ನುವಷ್ಟನ್ನು ಮಾತ್ರ ಕೊಡಿ. ಮನೆಯಲ್ಲಿ ಹೆಂಡತಿಗೆ ಅಥವಾ ಗಂಡನಿಗೆ ತಿಳಿಸಿ ಕೊಡಿ. ಗುಟ್ಟಾಗಿ ಕೊಟ್ಟ ಹಣ ಗೆಳೆತನದ ಜತೆಗೆ ಸಂಸಾರವನ್ನೂ ಕೆಡಿಸಬಲ್ಲದು.

ಮರಳಿ ಕೇಳುವುದು ಹಲವರಿಗೆ ಕೊಡುವುದಕ್ಕಿಂತ ಕಷ್ಟ. ಕೊಟ್ಟವನು ಸಂಕೋಚದಿಂದ ಬಾಯಿ ಬಿಡುವುದಿಲ್ಲ, ಒಳಗೊಳಗೆ ಕುದಿಯುತ್ತಾನೆ, ಒಂದು ದಿನ ಯಾರದೋ ಮದುವೆಯ ಪಂಕ್ತಿಯಲ್ಲಿ ಸಿಡಿಯುತ್ತಾನೆ. ಇದರ ಬದಲು ಹೇಳಿದ ತಾರೀಖಿಗೆ ಎರಡು ದಿನ ಮೊದಲು ಸಲೀಸಾಗಿ ಕೇಳಬಹುದು. “ಅಣ್ಣಾ, ಆ ಹದಿನೈದು ಸಾವಿರ ಮಾತಾಡಿದಂಗ ಹತ್ತನೇ ತಾರೀಖಿಗೆ ಬರತೈತೇನು? ಇಲ್ಲಂದ್ರ ಯಾವತ್ತ ಅನ್ನೂದು ಹೇಳು, ನಾ ಹಂಗ ಸಂಭಾಳಿಸ್ಕೊಂತೀನಿ.” ಹೆಂಡತಿ ಮಕ್ಕಳ ಎದುರಿಗೆ, ಅಂಗಡಿ ಕಟ್ಟೆಯ ಮೇಲೆ, ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ.

ತಡವಾಗುತ್ತದೆ ಎಂದು ಗೊತ್ತಾದಾಗ ಮೊದಲು ಮಾತಾಡಬೇಕಾದವನು ಇಸಕೊಂಡವನು. ಹದಿನೈದರಲ್ಲಿ ಎರಡು ಸಾವಿರ ಕೈಯಲ್ಲಿದ್ದರೆ ಅದನ್ನೇ ಕೊಟ್ಟು ಉಳಿದದ್ದಕ್ಕೆ ಹೊಸ ತಾರೀಖು ಹೇಳಲಿ. ಹಣ ಕೊಡಲಾಗದ ನಾಚಿಕೆಗೆ ಗೆಳೆಯನ ಓಣಿಯನ್ನೇ ಬಿಟ್ಟು ಸುತ್ತುಹಾಕಿ ಹೋಗುವವರು ಎಷ್ಟೋ ಮಂದಿ. ಅವರು ಹಣಕ್ಕೆ ಹೆದರಿ ಗೆಳೆಯನನ್ನೂ ಕಳೆದುಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ಕೊಟ್ಟವನೇ ಒಮ್ಮೆ ಅವನ ಮನೆಗೆ ಹೋಗಿ, ಹಣದ ಮಾತು ತೆಗೆಯದೆ, ಒಂದು ಕಪ್ ಚಹಾ ಕುಡಿದು ಬರುವುದು ದೊಡ್ಡ ಗುಣ.

ಜಾಮೀನು ಎಂದರೆ ಬರೀ ಸಹಿಯಲ್ಲ

‘ಒಂದು ಸಹಿ ಹಾಕು, ಅಷ್ಟೇ’ ಎಂದು ಗೆಳೆಯ ಕೇಳಿದಾಗ ಅದು ಅಷ್ಟೇ ಆಗಿರುವುದಿಲ್ಲ. ೧೮೭೨ರ ಕರಾರು ಕಾಯಿದೆಯ ೧೨೮ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಮೊದಲು ಸಾಲಗಾರನನ್ನು ಹಿಡಿದು, ಅವನಿಂದ ಬರದಿದ್ದರೆ ಮಾತ್ರ ಜಾಮೀನುದಾರನ ಬಳಿ ಬರಬೇಕೆಂಬ ನಿಯಮ ಇಲ್ಲ. ಬ್ಯಾಂಕು ನೇರವಾಗಿ ನಿಮ್ಮ ಬಾಗಿಲಿಗೆ ಬರಬಹುದು. ಗೆಳೆಯನ ಕಂತು ತಪ್ಪಿದರೆ ನಿಮ್ಮ ಸಾಲದ ಇತಿಹಾಸಕ್ಕೂ ಕಪ್ಪು ಚುಕ್ಕೆ ಬೀಳುತ್ತದೆ. ನಾಳೆ ನಿಮ್ಮ ಮಗನ ಶಿಕ್ಷಣ ಸಾಲಕ್ಕೆ ಅದು ಅಡ್ಡ ಬರಬಹುದು.

ಹಾಗೆಂದು ಜಾಮೀನು ಹಾಕಲೇಬಾರದೆಂದಲ್ಲ. ಯಾರೂ ಹಾಕದಿದ್ದರೆ ಪತ್ತಿನ ಸಂಘಗಳ ಸಾಲವೇ ಯಾರಿಗೂ ಸಿಗಲಿಕ್ಕಿಲ್ಲ. ಹಾಕುವ ಮುಂಚೆ ನಿಮ್ಮನ್ನು ನೀವು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮೊತ್ತವನ್ನು ನಾನೇ ಕಟ್ಟಬೇಕಾಗಿ ಬಂದರೆ ಕಟ್ಟಬಲ್ಲೆನೇ? ಕರಾರಿನ ಒಂದು ಪ್ರತಿ ಇಸಕೊಳ್ಳಿ. ಆಗಾಗ ಕಂತಿನ ವಿಚಾರಣೆ ಮಾಡಿ, ಅದು ನಿಮ್ಮ ಹಕ್ಕು. ಜಾಮೀನು ಪಡೆದವನಿಗೂ ಒಂದು ಕರ್ತವ್ಯವಿದೆ. ಕಂತು ತಪ್ಪುವ ಸುದ್ದಿ ಬ್ಯಾಂಕಿನ ನೋಟಿಸಿನಿಂದ ಗೆಳೆಯನಿಗೆ ತಿಳಿಯಬಾರದು, ನಿಮ್ಮ ಬಾಯಿಂದ ತಿಳಿಯಬೇಕು. ಜಾಮೀನುದಾರ ಹಣ ಕಟ್ಟಿದರೆ ಅದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಅದೇ ಕಾಯಿದೆಯಲ್ಲಿದೆ.

ಸಹಿ ಹಾಕಿದ ಖಾಲಿ ಚೆಕ್ಕನ್ನು ಗೆಳೆಯರ ನಡುವೆ ಕೊಡುವುದೂ ಬೇಡ, ಕೇಳುವುದೂ ಬೇಡ. ಚೆಕ್ಕು ಹಣವಿಲ್ಲದೆ ಮರಳಿದರೆ ಎರಡು ವರ್ಷದವರೆಗೆ ಸೆರೆವಾಸ ಆಗಬಹುದಾದ ಅಪರಾಧವದು. ಹಾಗೆಯೇ ಗೆಳೆಯನಿಗಾಗಿ ನಿಮ್ಮ ಹೆಸರಿನಲ್ಲಿ ಕಂತಿನ ಗಾಡಿ, ಕಂತಿನ ಮೊಬೈಲು ತೆಗೆಸಿಕೊಡಬೇಡಿ. ಗಾಡಿ ಓಡಿಸುವವನು ಅವನು, ಸಾಲಗಾರ ನೀವು.

ಕಾನೂನು ಕೇಳುವ ಮಾತು

ಕೈಗಡಕ್ಕೂ ಕಾನೂನಿನ ಗಡುವು ಉಂಟು. ೧೯೬೩ರ ಕಾಲಮಿತಿ ಕಾಯಿದೆಯಂತೆ ಹಣ ವಸೂಲಿಗೆ ದಾವೆ ಹೂಡಲು ಮೂರು ವರ್ಷ ಅವಧಿ. ಮರಳಿಸುವ ದಿನ ಗೊತ್ತುಮಾಡಿರದಿದ್ದರೆ ಕೊಟ್ಟ ದಿನದಿಂದಲೇ ಎಣಿಕೆ ಶುರು. ಆ ಅವಧಿ ಮುಗಿಯುವ ಮುಂಚೆ ‘ಇಷ್ಟು ಕೊಡುವುದು ಬಾಕಿ ಇದೆ’ ಎಂದು ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ ಮೂರು ವರ್ಷ.

೨೦,೦೦೦ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಕೈಗಡವನ್ನು ನಗದಿನಲ್ಲಿ ಇಸಕೊಳ್ಳುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ಇಸಕೊಂಡವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಡುವವನು, ಇಸಕೊಳ್ಳುವವನು ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆ ಬೀಳುವ ಬೇರೆ ಆದಾಯ ಇಲ್ಲದಿದ್ದರೆ ಇದಕ್ಕೆ ವಿನಾಯಿತಿ ಇದೆ. ಉಳಿದವರು ಬ್ಯಾಂಕಿನ ಮೂಲಕವೇ ಕೊಟ್ಟು ತೆಗೆದುಕೊಳ್ಳುವುದು ಕ್ಷೇಮ. ಈಗ ಮೊಬೈಲಿನಲ್ಲಿ ಹಣ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ‘ಕೈಗಡ’ ಎಂದು ಒಂದು ಪದ ಬರೆದರೆ ಅದೇ ಒಂದು ದಾಖಲೆ. ಇನ್ನೊಂದು ಎಚ್ಚರಿಕೆ: ಗೆಳೆಯನ ಹೆಸರಿನಿಂದ ‘ಅರ್ಜೆಂಟು ಹಣ ಕಳಿಸು’ ಎಂಬ ಸಂದೇಶ ಬಂದರೆ ಮೊದಲು ಅವನಿಗೆ ಫೋನು ಮಾಡಿ ದನಿ ಕೇಳಿ. ಅವನ ಖಾತೆಯನ್ನು ಕದ್ದವರು ಬರೆದ ಸಂದೇಶವೂ ಅದಾಗಿರಬಹುದು.

ಜಗಳ ಬೆಳೆದರೆ ಕೋರ್ಟಿಗೆ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ ಬೆಲೆ ಇದೆ.

ಹಣವಲ್ಲದ ಉಪಕಾರ

ಹಣದ ಲೆಕ್ಕವಾದರೂ ತೀರುತ್ತದೆ, ಉಪಕಾರದ ಲೆಕ್ಕ ತೀರುವುದು ಕಷ್ಟ. ಆಸ್ಪತ್ರೆಯಲ್ಲಿ ರಾತ್ರಿ ಕುಳಿತವನಿಗೆ, ಮಗಳಿಗೆ ವರ ನೋಡಿಕೊಟ್ಟವನಿಗೆ ಎಷ್ಟು ಕೊಟ್ಟರೆ ತೀರೀತು?

ಮುಧೋಳದ ಮಣ್ಣಿನಲ್ಲಿ ಹುಟ್ಟಿದ ಹತ್ತನೆಯ ಶತಮಾನದ ಮಹಾಕವಿ ರನ್ನ ‘ಗದಾಯುದ್ಧ’ದಲ್ಲಿ ರಣಭೂಮಿಯಲ್ಲಿ ಕರ್ಣನ ಎದುರು ನಿಂತು ದುಃಖಿಸುವ ದುರ್ಯೋಧನನನ್ನು ನಮಗೆ ತೋರಿಸಿದ. ನಮ್ಮ ಊರುಗಳಲ್ಲಿ ಗೆಳೆತನಕ್ಕೆ ಇಂದಿಗೂ ಆ ಜೋಡಿಯದೇ ಹೋಲಿಕೆ. ಆದರೆ ಅದರಲ್ಲಿ ಒಂದು ಎಚ್ಚರಿಕೆಯೂ ಇದೆ ಎಂದು ನನಗನ್ನಿಸುತ್ತದೆ. ತುಂಬಿದ ಸಭೆಯಲ್ಲಿ ಅವಮಾನಕ್ಕೆ ಸಿಕ್ಕವನಿಗೆ ಒಂದು ರಾಜ್ಯವನ್ನೇ ಕೊಟ್ಟ ಉಪಕಾರವದು. ಅಂಥದ್ದಕ್ಕೆ ಸಮನಾಗಿ ಕೊಡಲು ಕರ್ಣನ ಬಳಿ ಪ್ರಾಣವೊಂದೇ ಇತ್ತು. ಗೆಳೆಯ ತಪ್ಪು ದಾರಿಯಲ್ಲಿದ್ದಾನೆಂದು ಗೊತ್ತಿದ್ದೂ ಉಪ್ಪಿನ ಋಣ ಅವನನ್ನು ಕಟ್ಟಿಹಾಕಿತು. ತೀರಿಸಲಾಗದಷ್ಟು ದೊಡ್ಡ ಉಪಕಾರ ಮಾಡುವವನು ಗೆಳೆಯನಿಗೆ ‘ಇಲ್ಲ’ ಎನ್ನುವ ಸ್ವಾತಂತ್ರ್ಯವನ್ನೂ ಉಳಿಸಿಕೊಡಬೇಕು. ‘ನಾನು ನಿನಗೆ ಅಷ್ಟು ಮಾಡಿದೆ, ನೀನು ಇಷ್ಟು ಮಾಡಲಾರೆಯಾ?’ ಎಂಬ ಮಾತು ಬಾಯಿಂದ ಬಂದ ದಿನ ಉಪಕಾರ ಸಾಲವಾಗುತ್ತದೆ, ಗೆಳೆಯ ಸಾಲಗಾರನಾಗುತ್ತಾನೆ.

ವಶೀಲಿಯ ವಿಷಯ ಇಲ್ಲಿಯೇ ಬರುತ್ತದೆ. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ‘ನಮ್ಮ ಹುಡುಗಿ ಛಲೋ ಹಾಡತಾಳ, ಒಮ್ಮೆ ಟಿವಿಯೊಳಗ ತೋರಸ್ರಿ’ ಎಂಬ ಮಾತು ಹೊಸತಲ್ಲ. ಮಾಸ್ತರ ಗೆಳೆಯನಿಗೆ ಅಂಕಗಳ ಮಾತು, ತಹಶೀಲ್ದಾರ ಕಚೇರಿಯ ಗೆಳೆಯನಿಗೆ ಉತಾರದ ಮಾತು, ಸಂಘದ ಕಾರ್ಯದರ್ಶಿಗೆ ಸಾಲದ ಮಾತು. ಇದಕ್ಕೆ ಒಂದು ಸರಳ ಅಳತೆಗೋಲು ಸಾಕು. ಗೆಳೆಯನ ಸ್ವಂತದ್ದಾದ ಹೊತ್ತು, ಶ್ರಮ, ತಿಳಿವಳಿಕೆ, ಎತ್ತು, ಟ್ರ್ಯಾಕ್ಟರು ಇವನ್ನು ಕೇಳಬಹುದು. ಅವನ ಕುರ್ಚಿಗೆ ಸೇರಿದ್ದನ್ನು ಕೇಳಬಾರದು. ಅದು ಅವನದಲ್ಲ, ಸಾಲಿನಲ್ಲಿ ನಿಂತ ಉಳಿದವರದು. ಅರ್ಜಿ ಹೇಗೆ ಬರೆಯಬೇಕೆಂದು ಕೇಳಿ, ಸಂತೋಷದಿಂದ ಹೇಳುತ್ತಾನೆ. ಅರ್ಜಿಯನ್ನು ಮೇಲಕ್ಕೆ ಹಾಕು ಎಂದು ಕೇಳಿದರೆ ಅವನ ನೌಕರಿಯನ್ನೇ ಜಾಮೀನು ಕೇಳಿದಂತೆ.

ಸಣ್ಣ ಉಪಕಾರಗಳಿಗೂ ರೀತಿ ಇದೆ. ತಂದ ಟ್ರ್ಯಾಕ್ಟರಿಗೆ ಎಣ್ಣೆ ತುಂಬಿಸಿ ಮರಳಿಸಿ. ಒಯ್ದ ನೇಗಿಲನ್ನು ಮಣ್ಣು ತೊಳೆದು ಕೊಡಿ. ಗೆಳೆಯ ವಕೀಲನಾಗಿದ್ದರೆ, ಡಾಕ್ಟರಾಗಿದ್ದರೆ, ದರ್ಜಿಯಾಗಿದ್ದರೆ ಅವನ ಹೊಟ್ಟೆಪಾಡಿನ ಕೆಲಸವನ್ನು ಪುಕ್ಕಟೆ ಕೇಳಬೇಡಿ. ಅವನೇ ಬೇಡವೆಂದರೆ ಬೇರೆ ಮಾತು.

ಕೊನೆಯಲ್ಲಿ, ಬ್ಯಾರೇಜು ಕಟ್ಟಿದವರನ್ನು ನೆನೆಯಿರಿ. ಹಣ ಮರಳಿಸಲಾಗದ ಗೆಳೆಯನಿಗೆ ಎರಡು ದಾರಿಗಳಿವೆ. ಒಂದು, ಕೂಡಿ ಕುಳಿತು ದುಡಿಮೆಯಲ್ಲೋ ಕಾಳಿನಲ್ಲೋ ತೀರಿಸುವ ಮಾತಾಡುವುದು. ಎರಡು, ಕೊಟ್ಟವನು ಬಿಟ್ಟುಕೊಡುವುದು. ಬಿಟ್ಟುಕೊಡುವುದಾದರೆ ಬಾಯಿಬಿಟ್ಟು ಹೇಳಿ ಬಿಡಬೇಕು: “ಇದು ತೀರಿತು ನೋಡಪಾ, ಇನ್ನ ಇದರ ಮಾತ ಬ್ಯಾಡ.” ಹೇಳದೆ ಬಿಟ್ಟರೆ ನೀವು ಬಿಟ್ಟಿದ್ದೀರೆಂದು ಅವನಿಗೆ ತಿಳಿಯುವುದಿಲ್ಲ, ಅವನು ಓಣಿ ತಪ್ಪಿಸಿ ಸುತ್ತುಹಾಕುವುದೂ ನಿಲ್ಲುವುದಿಲ್ಲ. ಹೇಳಿದ ಮೇಲೆ ಮಾತ್ರ ಮತ್ತೆ ಎಂದೂ ಅದನ್ನು ಎತ್ತುವಂತಿಲ್ಲ.

ಮನೆಯಲ್ಲಿ ಮಾತಾಡಲು

ಕಾರ್ಯಕ್ರಮ ನೋಡಿದ ಮೇಲೆ ಮನೆಯವರೆಲ್ಲ ಕೂಡಿ ಈ ಪ್ರಶ್ನೆಗಳನ್ನು ಮಾತಾಡಿ ನೋಡಿ.

ಒಂದು: ನಾವು ಯಾರಿಗೆ ಕೊಟ್ಟಿದ್ದೇವೆ, ಯಾರಿಂದ ಇಸಕೊಂಡಿದ್ದೇವೆ ಎಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿದೆಯೇ?

ಎರಡು: ಹಾಗೆ ಕೊಟ್ಟು ತೆಗೆದುಕೊಂಡ ಪ್ರತಿಯೊಂದಕ್ಕೂ ತಾರೀಖು ಹೇಳಿಕೊಂಡಿದ್ದೇವೆಯೇ?

ಮೂರು: ನಾವು ಹಾಕಿದ ಜಾಮೀನುಗಳು ಎಷ್ಟು, ಅವುಗಳ ಕಂತು ಸರಿಯಾಗಿ ಹೋಗುತ್ತಿದೆಯೇ?

ನಾಲ್ಕು: ಹಣದ ಕಾರಣಕ್ಕೆ ಮಾತು ನಿಂತುಹೋದ ಗೆಳೆಯರು ಯಾರಾದರೂ ಇದ್ದಾರೆಯೇ? ಇದ್ದರೆ, ಬರುವ ಹಬ್ಬಕ್ಕೆ ಅವರ ಮನೆಗೆ ಮೊದಲು ಹೋಗುವವರು ಯಾರು?

ನಾಲ್ಕನೆಯದಕ್ಕೆ ಉತ್ತರ ಸಿಕ್ಕರೆ ನಮಗೆ ಒಂದು ಕಾಗದ ಬರೆದು ತಿಳಿಸಿ.